ಕರಿಪುಡಿಯ ಗಾರೆ

"ಮೇಸ್ತ್ರಿಗಳೇ, ಗಾರೆಗೆ ಬಲ ಕೊಡುವುದು ಈ ಕರಿಪುಡಿ. ಹಾಗಿದ್ದ ಮೇಲೆ ಅದಕ್ಕಿಂತ ಮೊದಲು ಈ ದ್ರವವನ್ನು ನೀರಿಗೆ ಏಕೆ ಬೆರೆಸಬೇಕು? ಇದಕ್ಕೇನು ಬಲವಿದೆ?" ಎಂದು ಶಿಷ್ಯ ಮಾರುತೇಶ ಕೇಳಿದ.

ಹುಚ್ಚೀರಪ್ಪ ಮೇಸ್ತ್ರಿ ಕರಣೆಯನ್ನು ಕೆಳಗಿಟ್ಟರು. "ನಾನು ಕಟ್ಟಿದ ಕಮಾನಿನ ಮೇಲೆ ಆನೆ ಮಲಗಿ ಮಗ್ಗುಲು ಬದಲಿಸಿದರೂ ಒಂದು ಹರಳು ಉದುರುವುದಿಲ್ಲ. ಅಂಥ ನಾನೂ ಈ ಕತೆ ಹೇಳುವಾಗ ಒಮ್ಮೆ ಮೇಲೆ ನೋಡಿಕೊಳ್ಳುತ್ತೇನೆ. ಕೇಳು" ಎಂದರು.

ಒಬ್ಬ ಮೇಸ್ತ್ರಿ ಇದ್ದ. ಅವನ ತಂದೆ ಛಾವಣಿ ಕುಸಿದು ಸತ್ತಿದ್ದ. ಅಂದಿನಿಂದ ಅವನಿಗೆ ತನ್ನ ಕೈಯ ಕೆಲಸವೆಂದರೇ ಹೆದರಿಕೆ. ಮೂವರು ತಮ್ಮಂದಿರು ಅವನ ಜೊತೆ ದುಡಿಯುತ್ತಿದ್ದರು. ಅವರನ್ನು ಸಾಕಿದವನು ಅವನೇ.

ಒಬ್ಬ ವ್ಯಾಪಾರಿ ಅವನಿಂದ ಉಗ್ರಾಣ ಕಟ್ಟಿಸಿದ. ಮೇಲೆ ಇಟ್ಟಿಗೆಯ ಕಮಾನು. ಸಿಮೆಂಟಿಗೆ ಬೆರೆಸಲು ಕರಿಪುಡಿಯನ್ನೂ ಒಂದು ಡಬ್ಬಿ ದ್ರವವನ್ನೂ ತರಿಸಿಕೊಟ್ಟ. ಎಂಥ ಪುಡಿ ಅಂತೀಯ? ಒಂದು ಚಿಟಿಕೆ ಊದಿದರೆ ಏಳೂರಿನ ಹೆಂಗಸರು ಒಗೆದ ಬಟ್ಟೆಯನ್ನು ಮತ್ತೆ ಒಗೆಯಬೇಕು. ಅದರ ಒಂದೇ ಒಂದು ಕಣವನ್ನು ಕಾಣುವ ಕಣ್ಣು ಇನ್ನೂ ಹುಟ್ಟಿಲ್ಲ.

"ಮೊದಲು ದ್ರವ ಹಾಕಿ ಕಲಕು. ಆಮೇಲೆ ಪುಡಿ" ಎಂದ ವ್ಯಾಪಾರಿ.

"ನನಗೆ ಬಲ ಬೇಕು ಸ್ವಾಮಿ, ಷರಬತ್ತಲ್ಲ" ಎಂದ ಮೇಸ್ತ್ರಿ.

ಅವನು ದ್ರವವನ್ನು ಚರಂಡಿಗೆ ಸುರಿದ. ಪುಡಿಯನ್ನು ಒಣಗಿದ್ದಂತೆಯೇ ಹಿಡಿ ಹಿಡಿಯಾಗಿ ಗಾರೆಗೆ ಹಾಕಿದ. ಹೆದರಿಕೆ ಬೆಳೆದಂತೆ ಹಿಡಿಯೂ ದೊಡ್ಡದಾಯಿತು.

ಅಷ್ಟು ನುಣ್ಣನೆಯ ಕಣಗಳು ಒಂಟಿಯಾಗಿ ನಿಲ್ಲುವುದಿಲ್ಲ. ಒಂದು ಇನ್ನೊಂದನ್ನು ಅಪ್ಪಿಕೊಳ್ಳುತ್ತದೆ. ಅವನ್ನು ಬಿಡಿಸಿ ಬೇರೆ ಬೇರೆ ನಿಲ್ಲಿಸಬೇಕಾದ ದ್ರವ ಚರಂಡಿ ಸೇರಿತ್ತು. ಕುದಿನೀರಿಗೆ ಸುರಿದ ರಾಗಿಹಿಟ್ಟಿನಂತೆ ಅವು ಗಂಟುಗಟ್ಟಿದವು. ಗಂಟಿನ ಒಳಕ್ಕೆ ನೀರೂ ಹೋಗಲಿಲ್ಲ, ಸಿಮೆಂಟೂ ಹೋಗಲಿಲ್ಲ. ಹೊರಗೆ ಗಟ್ಟಿ, ಒಳಗೆ ಬರೀ ಧೂಳು. ಕಮಾನಿನ ತುಂಬ ಇಂಥವೇ.

ಗಾರೆ ಒಣಗಿತು. ಕಮಾನಿಗೆ ಕೆಳಗಿನಿಂದ ಕೊಟ್ಟಿದ್ದ ಆಸರೆ ಕಂಬ ಬಿಡಿಸುವ ದಿನ ಬಂತು. ಅದಕ್ಕೊಂದು ಕ್ರಮವಿದೆ. ಪ್ರತಿ ಕಂಬದ ಬುಡದ ಬೆಣೆಗೆ ಒಬ್ಬೊಬ್ಬ ನಿಲ್ಲಬೇಕು. ಬೆಣೆಯನ್ನು ತುಸುವೇ ಸಡಿಲಿಸಿ ಕಾಯಬೇಕು. ಮೇಲೆ ಚಿಟಕ್ ಎಂದರೆ ಆ ಕ್ಷಣವೇ ಬೆಣೆ ಬಡಿದು ಬಿಗಿಮಾಡಬೇಕು. ಮೇಸ್ತ್ರಿ ನಟ್ಟನಡುವೆ ನಿಂತು ಕಮಾನು ನೋಡುತ್ತಿರಬೇಕು.

ತಮ್ಮಂದಿರು ಬೆಣೆ ಸಡಿಲಿಸಿದರು. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿತ್ತು. ಮೇಲೆ ಚಿಟಕ್ ಎಂದಿತು. ಮೇಸ್ತ್ರಿಯ ಹಣೆಗೆ ಕರಿಧೂಳು ಉದುರಿತು. ಒಣಧೂಳು.

"ಬಡೀರೋ" ಎಂದ ಅವನು.

ಯಾರೂ ಬಡಿಯಲಿಲ್ಲ. ಕಿರಿಯವನು ಸುತ್ತಿಗೆ ಬಿಸಾಕಿ ಓಡಿಬಂದು ಅಣ್ಣನ ಸೊಂಟ ಹಿಡಿದ. ಅವನನ್ನು ಕಂಡು ಇನ್ನೊಬ್ಬ ಬಂದ. ಮತ್ತೊಬ್ಬನೂ ಬಂದ.

"ಬಿಡ್ರೋ ನನ್ನ. ನಿಮ್ಮ ನಿಮ್ಮ ಕಂಬಕ್ಕೆ ಹೋಗ್ರೋ. ಬೇರೆ ಬೇರೆ ನಿಂತರೆ ಉಳೀತೀವಿ."

"ನಿನ್ನ ಬಿಟ್ಟು ಹೋಗಲ್ಲಣ್ಣ."

ಮೇಲೆ ಮತ್ತೆ ಚಿಟಕ್ ಎಂದಿತು. ಮೇಸ್ತ್ರಿಯ ಕೈಗಳೂ ಅವರನ್ನು ಬಳಸಿದವು.

ಹುಚ್ಚೀರಪ್ಪನವರು ಅಲ್ಲಿಗೆ ನಿಲ್ಲಿಸಿದರು. ಮಾರುತೇಶ, "ಆಮೇಲೆ? ಯಾರಾದರೂ ಬೆಣೆ ಬಡಿದರೇ?" ಎಂದ.

"ಅಪ್ಪಿಕೊಂಡವರನ್ನು ಬಿಡಿಸುವವರು ಅಲ್ಲಿ ಯಾರೂ ಇರಲಿಲ್ಲ, ಮಗಾ."