ದೇವರ ಮಡುವಿನಲ್ಲಿ ಅದ್ದಿದ ಕುಚ್ಚು

ಗಾಳದ ಮುಳ್ಳು ಕಾಣದಂತೆ ಅದರ ಸುತ್ತ ಬಣ್ಣದ ದಾರಗಳನ್ನು ಇಳಿಬಿಟ್ಟು ಕಟ್ಟುತ್ತಾರೆ. ಅದಕ್ಕೆ ನಮ್ಮ ಹೊಳೆಯ ಕಡೆ ಒಂದು ಹೆಸರಿತ್ತು. ಝಾಲರ... ಅಲ್ಲ. ಜೂಲು... ಅದೂ ಅಲ್ಲ. ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತದೆ. ಕೇಳೋಣವೆಂದರೆ ನಾನೀಗ ಇರುವ ಊರಿನಲ್ಲಿ ಹೊಳೆಯೂ ಇಲ್ಲ, ಆ ಮಾತು ಬಲ್ಲವರೂ ಇಲ್ಲ. ಪಕ್ಕದಲ್ಲಿ ಕೂತ ಮೊಮ್ಮಗಳು ಸಿಂಚನಾಳಿಗೂ ಗೊತ್ತಿಲ್ಲ. ಕುಚ್ಚು ಎನ್ನುತ್ತೇನೆ. ಕಥೆಗೆ ಅಷ್ಟು ಸಾಕು.

ನೀರಿನಲ್ಲಿ ಎಳೆದಾಗ ಆ ಕುಚ್ಚು ಬಿಚ್ಚಿಕೊಂಡು, ಮುದುಡಿಕೊಂಡು, ಈಜುವ ಮರಿಮೀನಿನಂತೆ ಕಾಣುತ್ತದೆ. ದೊಡ್ಡ ಮೀನು ಅದನ್ನು ನುಂಗಲು ಬಂದು ಗಾಳಕ್ಕೆ ಬೀಳುತ್ತದೆ.

ಹಾಲಪ್ಪಜ್ಜ ಆ ವಿದ್ಯೆಯಲ್ಲಿ ಗುರುಗಳು. ಹೊಳೆಯ ದಂಡೆಯಲ್ಲಿ ಒಂದು ಗುಡಿಸಲು, ಗುಡಿಸಲ ಮುಂದೆ ಬಣ್ಣದ ಮಡಕೆಗಳು. ಕೊಟ್ರ ಅವರ ಶಿಷ್ಯ.

ಅಲ್ಲಿ ಒಂದು ಕಟ್ಟಳೆಯಿತ್ತು. ಶಿಷ್ಯ ಕುಚ್ಚು ಕಟ್ಟಬೇಕು, ಗಾಳ ಮುಟ್ಟುವಂತಿಲ್ಲ. ಅವನ ಕುಚ್ಚನ್ನು ಅಜ್ಜ ತಮ್ಮ ಗಾಳಕ್ಕೆ ಕಟ್ಟಿಕೊಂಡು ದೋಣಿಯಲ್ಲಿ ಹೋಗುವರು. ಅದಕ್ಕೆ ಮೀನು ಬಿದ್ದ ದಿನ ಶಿಷ್ಯನ ಕೈಗೆ ಗಾಳ ಕೊಡುವರು. ಆಮೇಲೆ ಅವನ ದೋಣಿ ಅವನದು, ಅವನ ದಾರಿ ಅವನದು.

ಕೊಟ್ರನ ಜೊತೆಯವರೆಲ್ಲ ಆಗಲೇ ದೋಣಿ ಇಳಿಸಿದ್ದರು. ಅವನಿಗೆ ಮಾತ್ರ ಗಾಳ ಸಿಕ್ಕಿರಲಿಲ್ಲ.

ಅವನು ಕೂತಲ್ಲಿ ಕೂರುತ್ತಿರಲಿಲ್ಲ. ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುವನು. ಕೆಂಪು ಹೆಚ್ಚಾಯಿತೆಂದು ಮತ್ತೆ ನೀರು ಸುರಿಯುವನು. ನೀಲಿಯಲ್ಲಿ ಅದ್ದಿದ ರೇಷ್ಮೆ ಎಳೆ ಒಣಗುವ ಮೊದಲೇ ಅರಿಶಿನಕ್ಕೆ ಇಳಿಸಿ, ಹಸಿರು ಬರಲಿಲ್ಲವೆಂದು ಎಳೆಯನ್ನೇ ಬೈಯುವನು.

ಅಜ್ಜ ಕುಚ್ಚನ್ನು ಒಯ್ಯುವರು. ಬರಿಗೈಯಲ್ಲಿ ಬರುವರು. ಕುಚ್ಚನ್ನು ಬಿಚ್ಚಿ ಗುಡಿಸಲಿನ ಗೋಡೆಗೆ ಸಿಕ್ಕಿಸುವರು.

ಗೋಡೆ ತುಂಬಿತು. ನೀರಿಗೆ ಬಂದ ಹೆಂಗಸರು ಅದನ್ನು ನೋಡಿ, ಜಡೆಗೆ ಕಟ್ಟಿಕೊಳ್ಳಲು ಒಂದು ಕೊಡು ಕೊಟ್ರಣ್ಣ, ಮೀನಿಗಂತೂ ಬೇಡವಂತೆ ಎಂದು ನಗುತ್ತಿದ್ದರು.

ಒಂದು ದಿನ ಅವನು ತಡೆಯಲಾರದೆ ಕೇಳಿದ. "ನನ್ನ ಬಣ್ಣದಲ್ಲಿ ಏನು ತಪ್ಪು ಅಜ್ಜ?"

"ನನ್ನನ್ನು ಕೇಳಿದರೆ? ಅದನ್ನು ನುಂಗೋದು ನಾನಾ?"

ಕೊಟ್ರ ಮೀನನ್ನೇ ಕೇಳಲು ಹೊರಟ.

ಅಲ್ಲಿಂದ ಸ್ವಲ್ಪ ಮೇಲೆ, ಮಠದ ಮೆಟ್ಟಿಲುಗಳ ಕೆಳಗೆ, ದೇವರ ಮಡು. ಅಲ್ಲಿ ಯಾರೂ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ. ಬಂದವರು ಮಂಡಕ್ಕಿ ಹಿಡಿದರೆ ಮೀನುಗಳು ಮೆಟ್ಟಿಲವರೆಗೆ ಬಂದು ಅಂಗೈಯಿಂದಲೇ ತಿನ್ನುತ್ತವೆ.

ನನ್ನ ಹತ್ತಿರ ಗಾಳವೇ ಇಲ್ಲ, ಬರೀ ಕುಚ್ಚು ಅದ್ದಿದರೆ ಯಾವ ಪಾಪ ಎಂದುಕೊಂಡ ಕೊಟ್ರ.

ಕುಚ್ಚು ನೀರು ಮುಟ್ಟಿದ್ದೇ ತಡ, ಮೀನುಗಳು ಮುತ್ತಿದವು. ಕೆಂಪಿಗೂ ಬಂದವು, ಹಸಿರಿಗೂ ಬಂದವು. ಒಂದು ದೊಡ್ಡ ಮೀನು ಕುಚ್ಚನ್ನು ಬಾಯಲ್ಲಿ ಹಿಡಿದು ಜಗ್ಗಿ, ದಾರವೆಂದು ತಿಳಿದು ಉಗುಳಿತು.

ಕೊಟ್ರ ಓಡಿ ಬಂದು ಬಣ್ಣ ಸಿದ್ಧವಾಯಿತು ಎಂದ. ಅಜ್ಜ ಅದನ್ನು ಹೊಳೆಗೆ ಒಯ್ದರು. ಬರಿಗೈಯಲ್ಲಿ ಬಂದರು.

ಅವನು ಬೇರೆ ಬಣ್ಣ ಬೆರೆಸಿದ. ದಾಳಿಂಬೆ ಸಿಪ್ಪೆ ಕುದಿಸಿದ, ಮುತ್ತುಗದ ಹೂವು ಹಿಂಡಿದ. ಪ್ರತಿ ಸಲವೂ ಮೊದಲು ಮಡುವಿಗೆ ಓಡಿದ. ಪ್ರತಿ ಸಲವೂ ಮಡುವಿನ ಮೀನು ಬಂತು, ಹೊಳೆಯ ಮೀನು ಬರಲಿಲ್ಲ.

ಮಡಕೆ ತೊಳೆಯುವ ತಾನು ಹೋಗಿಬಿಡುತ್ತೇನೆಂದು ಅಜ್ಜನೇ ಹೀಗೆ ಮಾಡುತ್ತಿದ್ದಾರೆ ಎಂಬ ಸಂಶಯ ಅವನನ್ನು ಹೊಕ್ಕಿತು. ಅದು ಬಾಯಿಗೂ ಬಂತು.

"ನೀವು ಬೇಕಂತಲೇ ಮೀನಿಲ್ಲದ ಕಡೆ ಗಾಳ ಹಾಕ್ತೀರಿ."

"ಮೀನಿರೋ ಕಡೆ ನೀನು ಎಲ್ಲಿ ಹಾಕಿದೆ?"

ಕೊಟ್ರ ಮಡುವಿನ ಸಂಗತಿ ಹೇಳಿದ. ಅಜ್ಜ ಮಡಕೆಯಲ್ಲಿ ಆಡಿಸುತ್ತಿದ್ದ ಕೋಲು ನಿಂತಿತು.

"ಅವು ನಿನ್ನ ಬಣ್ಣಕ್ಕೆ ಬಂದದ್ದಲ್ಲ. ಕೈಗೆ ಬಂದದ್ದು."

ಮಾತು ಕೊಟ್ರನ ಕಿವಿಯ ಹೊರಗೇ ಉಳಿಯಿತು. ಬೆಳಗಾಗುತ್ತಲೇ ಹೊಸ ಕುಚ್ಚು ಹಿಡಿದು ಮತ್ತೆ ಮಡುವಿಗೆ ಹೋದ.

ಆ ದಿನ ಒಂದು ಮೀನೂ ಬರಲಿಲ್ಲ.

ಕುಚ್ಚು ಬಿಟ್ಟು ಮಂಡಕ್ಕಿ ಚೆಲ್ಲಿದ. ಮಂಡಕ್ಕಿ ನೆನೆದು, ಉಬ್ಬಿ, ಹರಿದು ಹೋಯಿತು. ಮೀನುಗಳು ಕೆಳಗೆ ನೆರಳಿನಂತೆ ನಿಂತೇ ಇದ್ದವು. ಬಾಯಿಗೆ ಬರೀ ದಾರ ಸಿಕ್ಕಿ ಸಿಕ್ಕಿ ಅವು ಕೈಯನ್ನೇ ನಂಬುವುದು ಬಿಟ್ಟಿದ್ದವು.

ಮೆಟ್ಟಿಲ ಮೇಲೆ ಮಂಡಕ್ಕಿ ಮಾರುವ ಕಲ್ಲವ್ವ ಎಲ್ಲವನ್ನೂ ನೋಡಿದ್ದಳು. ದೂರದಿಂದ ಮಕ್ಕಳನ್ನು ಎತ್ತಿಕೊಂಡು ಬಂದವರು ಕೈ ಒದ್ದೆ ಮಾಡಿಕೊಂಡು ಸುಮ್ಮನೆ ತಿರುಗಿ ಹೋಗುತ್ತಿದ್ದಾರೆ ಎಂದಳು.

"ಮೀನಿಗೆ ಬಣ್ಣ ತೋರಿಸೋಕೆ ಬಂದು ನನ್ನ ಬುಟ್ಟಿಗೆ ಮಣ್ಣು ಹಾಕಿದೆಯಲ್ಲೋ ಮಹಾರಾಯ."

ಕೊಟ್ರ ಬೈಗುಳಕ್ಕೆ ಸಿದ್ಧನಾಗಿ ಗುಡಿಸಲಿಗೆ ಬಂದ. ಅಜ್ಜ ಬೈಯಲಿಲ್ಲ. ಅವನ ಪಂಚೆಯ ಸೆರಗಿಗೆ ಮಂಡಕ್ಕಿ ಸುರಿದರು.

"ಹೋಗಿ ಕೂತುಕೋ. ಒಂದು ಮೀನು ನಿನ್ನ ಕೈಯಿಂದ ತಿಂದ ದಿನ ಬಾ."

"ಗಾಳ?"

"ಆಮೇಲೆ."

"ಅಲ್ಲಿವರೆಗೆ ಬಣ್ಣ ಮಾಡಬಾರದಾ?"

"ಮಾಡಿಕೋ. ಬೇಡ ಅಂದವರು ಯಾರು?"

ಕೊಟ್ರ ಕೆಳಗಿನ ಮೆಟ್ಟಿಲಲ್ಲಿ ಕೂತು ಅಂಗೈಯನ್ನು ನೀರಿಗಿಟ್ಟ. ಕಾಲು ಜೋಮು ಹಿಡಿಯಿತು. ಬೆನ್ನು ತುರಿಸಿತು. ಅವನು ಅಲುಗಿದಾಗಲೆಲ್ಲ ನೆರಳುಗಳು ಇನ್ನೂ ಕೆಳಗೆ ಇಳಿದವು. ಹೊಳೆಯ ಆಚೆ ಗೆಳೆಯರ ದೋಣಿಗಳು ಹೋದವು, ತುಂಬಿಕೊಂಡು ಬಂದವು. ಕಲ್ಲವ್ವ ಮೇಲಿನಿಂದ, ಗಾಳಿಗೆ ಬಾಳೆ ಎಲೆಯೂ ಇಷ್ಟು ಆಡುವುದಿಲ್ಲ ಎಂದು ಚುಚ್ಚುತ್ತಿದ್ದಳು.

ಅವನು ಮಡುವಿನಲ್ಲಿ ಕೂತಿರುವಾಗ ಗುಡಿಸಲ ಮುಂದೆ ಎಳೆಗಳು ತಮ್ಮಷ್ಟಕ್ಕೆ ಒಣಗುತ್ತಿದ್ದವು. ಸಂಜೆ ಬಂದು ಅರಿಶಿನಕ್ಕೆ ಇಳಿಸಿದರೆ ನೀಲಿ ನಿಂತಿರುತ್ತಿತ್ತು. ಹಾಗೆ ಒಂದು ಹಸಿರು ಬಂತು, ಕಲ್ಲಿನ ಮೇಲಿನ ಪಾಚಿಯಂಥದು. ಅದರಲ್ಲಿ ಅವನು ಕೆಲವು ಕಪ್ಪು ಎಳೆ ಸೇರಿಸಿ ಕುಚ್ಚು ಕಟ್ಟಿದ. ಇಂಥದು ಹಿಂದೆ ಅವನ ಕೈಯಿಂದ ಬಂದಿರಲಿಲ್ಲ. ಅಜ್ಜನಿಗೆ ತೋರಿಸಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಮಡುವಿಗೆ ಹೋದ.

ಬಿಸಿಲು ಏರುವ ಹೊತ್ತಿಗೆ ಒಂದು ನೆರಳು ಮೇಲೆ ಬಂತು.

ಅಂದು ಕುಚ್ಚನ್ನು ಉಗುಳಿದ್ದ ದೊಡ್ಡ ಮೀನೇ. ಮೊಳದಷ್ಟು ದೂರಕ್ಕೆ ಬಂದು ನಿಂತಿತು. ಹತ್ತಿರವೂ ಬರಲಿಲ್ಲ, ತಿರುಗಿಯೂ ಹೋಗಲಿಲ್ಲ.

ಕೊಟ್ರನಿಗೆ ಆಗ ಹೊಳೆಯಿತು. ಈ ಮೀನು ಈಗ ಕೈಯನ್ನು ನಂಬುವುದಿಲ್ಲ. ಈಗ ಇದು ಕುಚ್ಚಿಗೆ ಬಾಯಿ ಹಾಕಿದರೆ ಅದು ಬಣ್ಣಕ್ಕೇ ಬಂದಂತೆ. ಇದಕ್ಕಿಂತ ಸರಿಯಾದ ಪರೀಕ್ಷೆ ಇನ್ನೊಂದಿಲ್ಲ. ಇವತ್ತೇ ಗಾಳ.

ಎಡಗೈ ಸೊಂಟಕ್ಕೆ ಹೋಯಿತು. ಕುಚ್ಚು ಅರ್ಧ ಹೊರಗೆ ಬಂತು.

ಮೀನು ಅವನ ಬಲಗೈಯನ್ನೇ ನೋಡುತ್ತಿತ್ತು.

ಮೇಲೆ ಕಲ್ಲವ್ವ ಬುಟ್ಟಿ ಬಿಟ್ಟು ಎದ್ದು ನಿಂತಿದ್ದಳು.

ಎಡಗೈ ಇದ್ದಲ್ಲೇ ಉಳಿಯಿತು. ಮೀನು ಮುಂದೆ ಬಂದು, ಅಂಗೈಗೆ ಬಾಯಿಟ್ಟು, ನೆನೆದ ಮಂಡಕ್ಕಿ ತೆಗೆದುಕೊಂಡು ಹೋಯಿತು. ಅದರ ಹಿಂದೆ ಇನ್ನೊಂದು ನೆರಳು ಏಳತೊಡಗಿತು.

ಕೊಟ್ರ ಗುಡಿಸಲಿಗೆ ನಡೆದುಕೊಂಡು ಬಂದ. ಮೀನು ತಿಂದದ್ದನ್ನೂ ಹೇಳಿದ, ತನ್ನ ಕೈ ಸೊಂಟಕ್ಕೆ ಹೋದದ್ದನ್ನೂ ಮುಚ್ಚಿಡದೆ ಹೇಳಿದ. ಹಸಿರು ಕುಚ್ಚನ್ನು ಅಜ್ಜನ ಮುಂದಿಟ್ಟ.

"ಬಣ್ಣ ಸರಿಯಿದೆಯಾ?" ಅಜ್ಜ ಕೇಳಿದರು.

"ಗೊತ್ತಿಲ್ಲ ಅಜ್ಜ. ಕೇಳಬಹುದಿತ್ತು, ಕೇಳಲಿಲ್ಲ."

ಅಜ್ಜ ಸೂರಿನ ಹುಲ್ಲಿನಿಂದ ಒಂದು ಹೊಸ ಗಾಳ ತೆಗೆದರು. ಕುಚ್ಚನ್ನು ಅದಕ್ಕೆ ಕಟ್ಟಿ, ಹಲ್ಲಿನಿಂದ ದಾರ ಕಚ್ಚಿ, ಅವನತ್ತ ಚಾಚಿದರು.

ಮೊದಲು ನೀವು ಹೊಳೆಯಲ್ಲಿ ಹಾಕಿ ನೋಡಬೇಕಲ್ಲವೇ ಎಂದ ಕೊಟ್ರ. ಇದನ್ನು ನೀನೇ ಹಾಕು ಎಂದರು ಅಜ್ಜ.

ಕೊಟ್ರನ ಕೈ ಮೇಲೇಳಲಿಲ್ಲ. ಮೀನಿನ ಬಾಯಿ ಮುಟ್ಟಿದ ತಂಪು ಅಂಗೈಯಲ್ಲಿ ಇನ್ನೂ ಇತ್ತು.

"ಇಷ್ಟು ದಿನ ಇದಕ್ಕೇ ಬಡಕೊಂಡೆ ಅಜ್ಜ. ಈಗ ಹಿಡಿಯೋಕೆ ಮನಸ್ಸೇ ಬರುತ್ತಿಲ್ಲ."

ಪೆನ್ನು ತಗೋ ಸಿಂಚನಾ, ಹಾಲಪ್ಪಜ್ಜನ ಈ ಕೊನೆಯ ಮಾತನ್ನು ನಿನ್ನ ಈ ಅಜ್ಜಿಗಾಗಿ ನೀನು ಬರಿ. ಅವರು ಹೇಳಿದ ಹಾಗೇ ಬರಿ, ನಯ ಮಾಡಬೇಡ.

"ಮನಸ್ಸು ಬಂದಾಗ ಕೊಟ್ಟಿದ್ದರೆ ಆ ಮಡುವಿನಲ್ಲಿ ಒಂದು ಮೀನೂ ಉಳೀತಿರಲಿಲ್ಲ. ಹಿಡಿ."