ಏಳಲಾರದ ಕಲ್ಲುಕುಟಿಗ

"ಗುರುಗಳೇ, ಎಲ್ಲವನ್ನೂ ಮಾಡಬಲ್ಲ ದೇವರು ತಾನೇ ಎತ್ತಲಾರದ ಕಲ್ಲೊಂದನ್ನು ಮಾಡಬಲ್ಲನೇ?" ಎಂದು ಮುರಿಗೆಪ್ಪ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಶಿಷ್ಯ ನಿಂತೇ ಇದ್ದ. "ಮಾಡಬಲ್ಲ ಎಂದರೆ ಅವನು ಎತ್ತಲಾರದ್ದು ಒಂದಿದೆ ಎಂದಾಯಿತು. ಮಾಡಲಾರ ಎಂದರೆ ಅವನು ಮಾಡಲಾರದ್ದು ಒಂದಿದೆ ಎಂದಾಯಿತು. ಹೇಗೆ ನೋಡಿದರೂ ಸೋಲು ಅವನದೇ. ಮೂರು ತಿಂಗಳಿಂದ ಪೂಜೆಗೆ ಕೂತರೆ ಇದೇ ತಲೆ ಕೊರೆಯುತ್ತಿದೆ. ಉತ್ತರ ಸಿಗದಿದ್ದರೆ ನಾನು ಮಠ ಬಿಟ್ಟು ಹೋಗುತ್ತೇನೆ."

"ಹೋಗುವೆಯಂತೆ. ಮೊದಲು ಕೂತುಕೋ ತಮ್ಮಾ, ನಿನ್ನ ಮುಖ ನೋಡಿ ನೋಡಿ ನನ್ನ ಕತ್ತು ನೋಯುತ್ತಿದೆ" ಎಂದು ಗುರುಗಳು ಬುಟ್ಟಿಯನ್ನು ಅವನ ಮುಂದೆ ತಳ್ಳಿದರು. ಅವನು ಕೂತು ಸುಲಿಯತೊಡಗಿದ ಮೇಲೆ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಊರಿಗೆ ಇದ್ದದ್ದು ಒಂದೇ ಕಲ್ಲುಗುಡ್ಡ. ಅಲ್ಲಿ ಕಲ್ಲು ಒಡೆಯುವ ಹಕ್ಕು ಒಂದು ವರ್ಷಕ್ಕೆ ಒಬ್ಬನಿಗೆ ಮಾತ್ರ. ಹಕ್ಕು ಉಳಿಸಿಕೊಳ್ಳಬೇಕಾದರೆ ಅವನು ವರ್ಷಕ್ಕೊಂದು ಗುಂಡುಕಲ್ಲನ್ನು ತಾನೇ ಕಡೆಯಬೇಕು. ಅದು ಹೋದ ವರ್ಷದ್ದಕ್ಕಿಂತ ಭಾರವಿರಬೇಕು. ಗೊತ್ತಾದ ದಿನ, ಸೂರ್ಯ ನೆತ್ತಿಗೆ ಬರುವುದರೊಳಗೆ, ಊರೆದುರು ಅದನ್ನು ಎತ್ತಬೇಕು. ಕಡೆಯುವವನೂ ಅವನೇ, ಎತ್ತುವವನೂ ಅವನೇ. ಹಗುರವಾಗಿ ಕಡೆದರೆ ಊರು ನಗುತ್ತದೆ, ತೀರಾ ಭಾರವಾಗಿ ಕಡೆದರೆ ಸೊಂಟ ಮುರಿಯುತ್ತದೆ. ನೀನು ಮೂರು ತಿಂಗಳಿಂದ ಕೊರೆಸಿಕೊಳ್ಳುತ್ತಿರುವ ತರ್ಕ ಅವನಿಗೆ ಹೊಟ್ಟೆಪಾಡಾಗಿತ್ತು ನೋಡು.

ಹನ್ನೊಂದು ವರ್ಷ ಅವನು ಕಡೆದ, ಹನ್ನೊಂದು ವರ್ಷವೂ ಎತ್ತಿದ. 'ಆಗುವುದಿಲ್ಲ' ಎಂಬ ಮಾತು ಅವನ ಬಾಯಿಗೆ ಬಂದದ್ದೇ ಇಲ್ಲ.

ಹನ್ನೆರಡನೆಯ ವರ್ಷ ಅವನ ಪುಟ್ಟ ಮಗಳಿಗೆ ಜ್ವರ ಬಂತು. ಮೂರು ದಿನ ಮಗು ಕಣ್ಣು ಮುಚ್ಚಲಿಲ್ಲ. ವೈದ್ಯ ನಾಡಿ ಹಿಡಿದು ನೋಡಿ, "ನಿದ್ದೆ ಬಂದರೆ ಉಳಿಯುತ್ತದೆ. ಬಂದ ನಿದ್ದೆಯನ್ನು ಕೆಡಿಸಿದಿರೋ, ನನ್ನ ಕೈಯಲ್ಲಿ ಏನೂ ಇಲ್ಲ" ಎಂದು ಹೇಳಿ ಹೋದ. ಗುಂಡು ಎತ್ತುವ ದಿನ ಬೆಳಗ್ಗೆ ಮಗು ಅಪ್ಪನ ತೊಡೆಯ ಮೇಲೆ, ಅವನ ಹೆಬ್ಬೆರಳು ಹಿಡಿದುಕೊಂಡು ನಿದ್ದೆ ಹೋಯಿತು. ತಾಯಿ ಎತ್ತಿಕೊಳ್ಳಲು ಬಂದಳು. ಮಗು ಮುಖ ಕಿವುಚಿತು. ಅವಳು ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಹೊತ್ತು ಏರಿತು. ನಿದ್ದೆಗೆಟ್ಟಿದ್ದ ಅಪ್ಪನಿಗೂ ಕೂತಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ಅವನು ತಾನು ಕಡೆದ ಗುಂಡನ್ನು ಎತ್ತಿ ಪಕ್ಕಕ್ಕಿಟ್ಟ. ಗುಡ್ಡವನ್ನು ಎತ್ತಿ ಪಕ್ಕಕ್ಕಿಟ್ಟ. ಕೆರೆಯನ್ನು ಮೀನುಗಳ ಸಮೇತ ಎತ್ತಿದ, ಒಂದು ಹನಿಯೂ ತುಳುಕಲಿಲ್ಲ. ಆಕಾಶವನ್ನು ಕಂಬಳಿಯ ಹಾಗೆ ಮಡಚಿ ಹೆಗಲಿಗೆ ಹಾಕಿಕೊಂಡ. ಎಲ್ಲವೂ ಹಗುರವಾಗಿತ್ತು. ಆಮೇಲೆ ಹೊರಡೋಣವೆಂದು ಕಾಲೆತ್ತಲು ಹೋದ. ಕಾಲು ಬರಲಿಲ್ಲ.

ಕಣ್ಣು ಬಿಟ್ಟಾಗ ಊರ ಹಿರಿಯ ಎದುರಿಗಿದ್ದ. ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಒಳಗೆ ಬಂದಿದ್ದ. ಕಲ್ಲುಕುಟಿಗನ ಸುತ್ತಿಗೆಯನ್ನು ಅವನ ಮುಂದಿಟ್ಟು ಪಿಸುಗುಟ್ಟಿದ: "ಹೊತ್ತು ನೆತ್ತಿಗೆ ಬಂತಪ್ಪ. ಸುತ್ತಿಗೆ ಮುಟ್ಟಿ ಒಂದು ಮಾತು ಹೇಳು. 'ಈ ದಿನ ಒಲ್ಲೆ' ಎಂದರೆ ನಾಳೆಗೆ ಮುಂದೂಡುತ್ತೇವೆ, ಪದ್ಧತಿಯಲ್ಲಿ ಅದಕ್ಕೆ ಜಾಗವಿದೆ. 'ಆಗುವುದಿಲ್ಲ' ಎಂದೆಯೋ, ಗುಡ್ಡ ಹೋಯಿತು."

ಸುತ್ತಿಗೆ ಮುಟ್ಟಿ ಯಾವ ಕಲ್ಲುಕುಟಿಗನೂ ಸುಳ್ಳಾಡುವುದಿಲ್ಲ. ಒಲ್ಲೆ ಎಂದುಬಿಡಿ ಎಂದು ಹೆಂಡತಿ ಕಣ್ಣಲ್ಲೇ ಬೇಡಿಕೊಂಡಳು. ಅವನಿಗೂ ಹಾಗೆ ಹೇಳುವ ಆಸೆಯಿತ್ತು. ಆದರೆ ಒಲ್ಲೆ ಎಂದರೆ ಏನು? ಮನಸ್ಸು ಮಾಡಿದರೆ ಏಳಬಲ್ಲೆ ಎಂದು ತಾನೇ? ಅಂಥ ಮನಸ್ಸು ತನ್ನೊಳಗೆ ಎಲ್ಲಾದರೂ ಇದೆಯೇ ಎಂದು ಅವನು ಹುಡುಕಿದ. ಮೂಲೆ ಮೂಲೆಯಲ್ಲಿ ಹುಡುಕಿದ. ಎಲ್ಲೂ ಇರಲಿಲ್ಲ.

ಮಗು ಹಿಡಿಯದ ಕೈಯಿಂದ ಸುತ್ತಿಗೆ ಮುಟ್ಟಿ, "ಆಗುವುದಿಲ್ಲ ಯಜಮಾನರೇ" ಎಂದ.

ಹಿರಿಯ ಸುತ್ತಿಗೆಯನ್ನು ತೆಗೆದುಕೊಂಡು ಹೋದ. ಗುಡ್ಡ ಇನ್ನೊಬ್ಬನ ಪಾಲಾಯಿತು. ಹನ್ನೊಂದು ವರ್ಷದ ಹೆಸರು ಒಂದು ಮಾತಿಗೆ ಹೋಯಿತಲ್ಲ ಎಂದು ಕಲ್ಲುಕುಟಿಗನಿಗೆ ಅಳು ಬಂತು. ಅತ್ತ. ತೊಡೆ ಅಲುಗದ ಹಾಗೆ ಅತ್ತ.

ಗುರುಗಳು ಕತೆ ನಿಲ್ಲಿಸಿ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡತೊಡಗಿದರು.

ಮುರಿಗೆಪ್ಪ ಸುಲಿಯುವುದನ್ನು ನಿಲ್ಲಿಸಿದ. "ಇಷ್ಟೇನಾ? ಮುಂದೇನಾಯಿತು ಹೇಳಿ. ಮಗು ಯಾವಾಗ ಎದ್ದಿತು? ಅವನು ಯಾವಾಗ ಎದ್ದ?" ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು.

"ನೀನೇ ಇನ್ನೂ ನಿದ್ದೆಯಿಂದ ಎದ್ದಿಲ್ಲವಲ್ಲೋ ತಮ್ಮಾ, ಅವನು ಹೇಗೆ ಏಳುತ್ತಾನೆ?"