ಹಸುವಿನ ಮೇಲಿನ ಹಲ್ಲು ಎಲ್ಲಿ ಹೋಯಿತು?

ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳಿದೆಯಾ ಪುಟ್ಟಿ? ಇರಲಿ, ಮೊದಲು ಕತೆ ಕೇಳು.

ಲೋಕ ಆಗಿನ್ನೂ ಹೊಸದು. ಯಾವ ಕಡೆ ಹರಿಯಲಿ ಎಂದು ಹೊಳೆ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿತ್ತು. ಆ ಕಾಲದಲ್ಲಿ ಹಸುವಿಗೂ ನಿನ್ನ ಹಾಗೆ ಮೇಲೆ, ಕೆಳಗೆ ಎರಡೂ ಕಡೆ ಮುಂದಿನ ಹಲ್ಲುಗಳಿದ್ದವು. ಈ ಅಜ್ಜಿಯ ಬೊಚ್ಚು ಬಾಯಿ ನೋಡಿ ನಗಬೇಡ, ಇದು ಹಸುವಿನ ಕತೆ.

ಮೊದಲ ಹಸುವಿನ ಹೆಸರು ಕೆಂದಿ. ಅವಳಿಗೆ ಸಿಹಿಯೆಂದರೆ ಪ್ರಾಣ. ಹಿಪ್ಪೆ ಮರದಿಂದ ಹೂವು ಉದುರುತ್ತಿತ್ತು, ಸಿಹಿಯೋ ಸಿಹಿ, ಬೆಣ್ಣೆಯ ಹಾಗೆ ಮೆತ್ತಗೆ. ಬೆಳಿಗ್ಗೆ ಹಿಪ್ಪೆ ಹೂವು, ಮಧ್ಯಾಹ್ನ ಹಿಪ್ಪೆ ಹೂವು, ಸಂಜೆಯೂ ಅದೇ.

"ಅಕ್ಕಾ, ಒಂದು ಬಾಯಿ ನನ್ನನ್ನೂ ತಿನ್ನು" ಎಂದಿತು ಹುಲ್ಲು.

"ನೀನು ಸಪ್ಪೆ."

"ನನ್ನನ್ನೂ ತಿನ್ನು" ಎಂದಿತು ನೆಲ್ಲಿ ಮರ.

"ಥೂ, ನೀನು ಹುಳಿ."

"ಅವ್ವಾ, ಬರೀ ಹೂವಿಂದ ನನ್ನ ಹಸಿವು ಹೋಗಲ್ಲ, ನನಗೂ ಸೊಪ್ಪೋ ಹುಳಿಯೋ ಏನಾದ್ರೂ ಕೊಡು" ಎಂದಿತು ಬಾಯೊಳಗಿನ ವಸಡು.

"ನಿನಗ್ಯಾಕೆ? ಅಗಿಯೋದು ಹಲ್ಲು ತಾನೆ?"

"ಆ ಹಲ್ಲನ್ನ ಹಿಡ್ಕೊಂಡಿರೋದು ನಾನು."

ಕೆಂದಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಸಿದ ವಸಡು ಊದಿಕೊಂಡಿತು, ರಕ್ತ ಒಸರಿತು, ಹಿಡಿತ ಸಡಿಲವಾಯಿತು. ಒಂದು ದಿನ ಕೆಂದಿ ಬಗ್ಗಿದ್ದೇ ತಡ, ಮೇಲಿನ ಮುಂದಿನ ಹಲ್ಲುಗಳು ಪಟಪಟ ಉದುರಿದವು. ತಲೆಕೆಳಗಾಗಿ ನೇತಾಡುತ್ತಿದ್ದವಲ್ಲ, ಪಾಪ! ಕೆಳಗಿನವು ಅಲುಗಾಡುತ್ತಾ ಉಳಿದವು.

ಅಷ್ಟರಲ್ಲಿ ಹಿಪ್ಪೆ ಹೂವಿನ ಕಾಲವೂ ಮುಗಿಯಿತು. ಹುಲ್ಲಿಗೆ ಬಾಯಿ ಹಾಕಿದರೆ ವಸಡು ಉರಿ. ಹೊಟ್ಟೆಗೇ ಇಲ್ಲದ ಮೇಲೆ ಕೆಚ್ಚಲಿಗೆ ಹಾಲು ಎಲ್ಲಿಂದ ಬರಬೇಕು? ಅವಳ ಎಳೆಗರು ಕೆಚ್ಚಲನ್ನು ಗುದ್ದಿ ಗುದ್ದಿ, ಸೋತು ಮಲಗಿತು. ಅದನ್ನು ನೋಡಲಾರದೆ ಕೆಂದಿ ನೆಲ್ಲಿ ಮರದ ಬುಡಕ್ಕೆ ಹೋಗಿ ತಲೆ ತಗ್ಗಿಸಿ ಬೇಡಿದಳು.

"ಹುಳಿ ಅಂತ ಬೈದಿದ್ದು ನಾನೇನು ಮರೆತಿಲ್ಲ" ಎಂದಿತು ನೆಲ್ಲಿ ಮರ. "ಕರು ಮುಖ ನೋಡಿ ಕೊಡ್ತೀನಿ. ಇದನ್ನ ತಿಂದು ಹೊಳೆ ನೀರು ಕುಡಿ."

ಕೆಂದಿ ಮುಖ ಹಿಂಡಿಕೊಂಡು ದವಡೆ ಹಲ್ಲಿನಲ್ಲಿ ನೆಲ್ಲಿಕಾಯಿ ಅಗಿದಳು. ಮೇಲೆ ನೀರು ಕುಡಿದಳು. ನೀರು ಸಿಹಿಯಾಗಿತ್ತು.

"ಇಷ್ಟು ಸಿಹಿ ಎಲ್ಲಿ ಬಚ್ಚಿಟ್ಟಿದ್ದೆ ತಾಯಿ?" ಎಂದು ನೆಲ್ಲಿ ಮರವನ್ನು ಕೇಳಿದಳು.

ಅಂದಿನಿಂದ ದಿನಾ ನೆಲ್ಲಿಕಾಯಿ, ಎಳೆ ಹುಲ್ಲು, ಬಗೆಬಗೆಯ ಸೊಪ್ಪು. ರಕ್ತ ನಿಂತಿತು. ವಸಡು ಗಟ್ಟಿಯಾಯಿತು. ಕೆಚ್ಚಲು ತುಂಬಿತು, ಕರುವಿನ ಮೂತಿಯ ತುಂಬ ನೊರೆಹಾಲು.

ನೆಲದಲ್ಲಿ ಬಿದ್ದಿದ್ದ ಹಲ್ಲುಗಳು, "ನಾವು ವಾಪಸ್ ಬರೋಣ್ವಾ?" ಎಂದವು.

"ಬೇಡ" ಎಂದಿತು ವಸಡು. "ನೀವಿದ್ದಾಗ ನನ್ನನ್ನ ಕೇಳೋರೇ ಇರಲಿಲ್ಲ. ನಿಮ್ಮ ಕೆಲಸ ನಾನೇ ಮಾಡ್ತೀನಿ."

ಕೆಂದಿಗೆ ನಾಚಿಕೆಯಾಯಿತು. "ಇನ್ಮೇಲೆ ನಿನ್ನ ಪಾಲು ತಪ್ಪಿಸಲ್ಲ. ತಿಂದದ್ದನ್ನ ಮತ್ತೆ ಬಾಯಿಗೆ ತಂದು ನಿನಗೆ ಕೊಡ್ತೀನಿ" ಎಂದು ಮಾತು ಕೊಟ್ಟಳು.

ಅದಕ್ಕೇ ಇವತ್ತಿಗೂ ಹಸುವಿಗೆ ಮೇಲ್ಗಡೆ ಮುಂದಿನ ಹಲ್ಲಿಲ್ಲ, ಗಟ್ಟಿ ವಸಡಷ್ಟೇ. ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದಲ್ಲ, ಆಗ ಅದು ವಸಡಿನ ಪಾಲನ್ನು ವಸಡಿಗೆ ಕೊಡುತ್ತಿರುತ್ತದೆ.

ಈಗ ಹೇಳು ಪುಟ್ಟಿ, ನಿನ್ನ ತಟ್ಟೆಯ ಅಂಚಿನಲ್ಲಿರುವ ಆ ಸೊಪ್ಪು ಯಾರ ಪಾಲು?